ಅಪ್‌ಡೇಟ್ ಆಯ್ತು, ರೀಬೂಟ್ ಆಗಿಲ್ಲ: ಸರ್ವರ್‌ಗೆ ಅರ್ಧ ರಕ್ಷಣೆ ಸಾಲದು

ಗಲ್ಫ್‌ನ ಎಷ್ಟೋ ಟ್ರೇಡಿಂಗ್ ಕಂಪನಿ, ಸೂಪರ್ ಮಾರ್ಕೆಟ್, ಕ್ಲಿನಿಕ್‌ಗಳಲ್ಲಿ ಐಟಿ ವಿಭಾಗ ಅಂದರೆ ಒಬ್ಬರೇ ಒಬ್ಬರು. ಪ್ರಿಂಟರ್ ಕೆಟ್ಟರೂ ಅವರೇ, ಸಿಸಿಟಿವಿ ನಿಂತರೂ ಅವರೇ, ಸರ್ವರ್ ನೋಡಿಕೊಳ್ಳುವವರೂ ಅವರೇ. ಇಂಥ ಕೆಲಸದಲ್ಲಿ ಕನ್ನಡಿಗರೂ ಇದ್ದಾರೆ. ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋದರೂ ಅವರಿಗೆ ಫೋನ್ ಕೆಳಗಿಡುವ ಧೈರ್ಯ ಇರುವುದಿಲ್ಲ. ಆ ಆತಂಕದ ಒಂದು ಪಾಲನ್ನಾದರೂ ಕಡಿಮೆ ಮಾಡುವ ದಾರಿ, ಸೆಕ್ಯುರಿಟಿ ಅಪ್‌ಡೇಟ್ ನಂತರದ ರೀಬೂಟ್ ತಾನಾಗಿ ನಡೆಯುವಂತೆ ಮಾಡುವುದು.

ರೀಬೂಟ್ ಯಾಕೆ ಬೇಕು?

ಅಪ್‌ಡೇಟ್ ಇನ್‌ಸ್ಟಾಲ್ ಆದಾಗ ಹೊಸ ಫೈಲ್‌ಗಳು ಡಿಸ್ಕ್‌ಗೆ ಬರುತ್ತವೆ. ಆದರೆ ಓಡುತ್ತಿರುವ ಕರ್ನಲ್ ಮೆಮೊರಿಯಲ್ಲಿ ಹಳೆಯದೇ ಇರುತ್ತೆ. ಹೊಸ ಬೀಗ ತಂದು ಮೇಜಿನ ಮೇಲಿಟ್ಟ ಹಾಗೆ ಇದು. ಬಾಗಿಲಲ್ಲಿ ತೂಗುತ್ತಿರುವುದು ಹಳೇ ಬೀಗವೇ. ಓಪನ್‌ಎಸ್‌ಎಸ್‌ಎಲ್‌ನಂಥ ಲೈಬ್ರರಿ ಬದಲಾದರೆ ಅದನ್ನು ಬಳಸುವ ಸರ್ವಿಸ್‌ಗಳನ್ನಷ್ಟೇ ರೀಸ್ಟಾರ್ಟ್ ಮಾಡಿದರೆ ಸಾಕು. ಕರ್ನಲ್ ಬದಲಾದರೆ ಸಾಮಾನ್ಯವಾಗಿ ಇಡೀ ಯಂತ್ರವನ್ನೇ ರೀಬೂಟ್ ಮಾಡಬೇಕು.

ಮುಂದೂಡಿದರೆ ಏನಾಗುತ್ತೆ ಅನ್ನುವುದಕ್ಕೆ ವನ್ನಾಕ್ರೈ ದಾಳಿಯೇ ಸಾಕ್ಷಿ. ಆ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ದಾಳಿ ನಡೆದದ್ದು ಮೇ 12ರಂದು. ಸುಮಾರು ಎರಡು ತಿಂಗಳು ಸಮಯವಿದ್ದರೂ ಪ್ಯಾಚ್ ಹಾಕದೇ ಉಳಿದ ಕಂಪ್ಯೂಟರ್‌ಗಳು ಹಲವು ದೇಶಗಳಲ್ಲಿ ಲಾಕ್ ಆದವು. ಅಂದು ಶುಕ್ರವಾರ, ಗಲ್ಫ್‌ನಲ್ಲಿ ವಾರದ ರಜೆ. ದಾಳಿ ಮಾಡುವವರು ಕ್ಯಾಲೆಂಡರ್ ನೋಡಿ ಕಾಯುವುದಿಲ್ಲ.

ಸೆಟ್ಟಿಂಗ್ ಎಲ್ಲಿದೆ?

ಉಬುಂಟು ಸರ್ವರ್‌ನಲ್ಲಿ 'ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್' ಎಂಬ ವ್ಯವಸ್ಥೆ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ತಾನಾಗಿಯೇ ಹಾಕುತ್ತದೆ. ಆದರೆ ಆಟೋಮ್ಯಾಟಿಕ್ ರೀಬೂಟ್ ಮೊದಲಿನಿಂದ ಆಫ್ ಆಗಿರುತ್ತದೆ. ಹೀಗಾಗಿ ಎಷ್ಟೋ ಸರ್ವರ್‌ಗಳು ಹೊಸ ಕರ್ನಲ್ ಪಕ್ಕದಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಹಳೆಯದರಲ್ಲೇ ಓಡುತ್ತಿರುತ್ತವೆ.

ಇದರ ಸೆಟ್ಟಿಂಗ್ ಫೈಲ್‌ನಲ್ಲಿ ಮೂರು ಸಾಲು ಮುಖ್ಯ. ಒಂದು, ರೀಬೂಟ್ ಬೇಕೋ ಬೇಡವೋ. ಎರಡು, ಎಷ್ಟು ಗಂಟೆಗೆ. ಮೂರು, ಯಾರಾದರೂ ಲಾಗಿನ್ ಆಗಿದ್ದರೂ ಮಾಡಬೇಕೋ ಬೇಡವೋ. ಮೊದಲನೆಯದನ್ನು ಆನ್ ಮಾಡಿ ಎರಡನೆಯದನ್ನು ಮರೆತರೆ ಅಪ್‌ಡೇಟ್ ಮುಗಿದ ಕೂಡಲೇ ಸರ್ವರ್ ರೀಬೂಟ್ ಆಗುತ್ತದೆ, ಬಿಲ್ಲಿಂಗ್ ನಡೆಯುತ್ತಿದ್ದರೂ ಸರಿ! ಸಮಯ ಕೊಟ್ಟಿದ್ದರೆ ಆ ಗಂಟೆಯವರೆಗೆ ಕಾಯುತ್ತದೆ. ಪ್ರತಿದಿನ ಸುಮ್ಮನೆ ರೀಬೂಟ್ ಆಗುವುದಿಲ್ಲ. ಅಪ್‌ಡೇಟ್‌ಗೆ ಅಗತ್ಯವಿದ್ದಾಗ ಮಾತ್ರ.

ರೆಡ್ ಹ್ಯಾಟ್ ಕುಟುಂಬದ ಸರ್ವರ್‌ಗಳಲ್ಲಿ ಇದೇ ಕೆಲಸ 'ಡಿಎನ್‌ಎಫ್ ಆಟೋಮ್ಯಾಟಿಕ್'ನದ್ದು. ಅದರ ಹೊಸ ಆವೃತ್ತಿಗಳಲ್ಲಿ 'ಅಗತ್ಯವಿದ್ದರೆ ಮಾತ್ರ ರೀಬೂಟ್' ಎಂಬ ಆಯ್ಕೆ ಇದೆ. ವಿಂಡೋಸ್ ಸರ್ವರ್‌ನಲ್ಲಿ ಗ್ರೂಪ್ ಪಾಲಿಸಿ ಮೂಲಕ ದಿನ, ಸಮಯ ನಿಗದಿ ಮಾಡಬಹುದು. ಮೈಕ್ರೋಸಾಫ್ಟ್‌ನ ಮಾಸಿಕ ಪ್ಯಾಚ್‌ಗಳು ತಿಂಗಳ ಎರಡನೇ ಮಂಗಳವಾರ ಬರುತ್ತವೆ. ಗಲ್ಫ್ ಲೆಕ್ಕದಲ್ಲಿ ಆಗ ರಾತ್ರಿ. ಅದಾದ ಮೇಲಿನ ವಾರಾಂತ್ಯ ರೀಬೂಟ್‌ಗೆ ಒಳ್ಳೆಯ ಸಮಯ.

ಗಡಿಯಾರದ ಎಡವಟ್ಟು

ಹಲವರು ಎಡವುವುದು ಇಲ್ಲಿಯೇ. ಕ್ಲೌಡ್‌ನಲ್ಲಿರುವ ಲಿನಕ್ಸ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿ ಓಡುತ್ತವೆ. ಅಲ್ಲಿ ರಾತ್ರಿ 2 ಗಂಟೆ ಅಂತ ಬರೆದರೆ ಸೌದಿ, ಕುವೈತ್, ಕತಾರ್, ಬಹ್ರೇನ್‌ನಲ್ಲಿ ಬೆಳಿಗ್ಗೆ 5, ಯುಎಇ ಮತ್ತು ಒಮಾನ್‌ನಲ್ಲಿ ಬೆಳಿಗ್ಗೆ 6. ಭಾರತದಲ್ಲಿ ಆಗಲೇ 7.30. ಬೇಕರಿ, ಸೂಪರ್ ಮಾರ್ಕೆಟ್ ಬಾಗಿಲು ತೆಗೆಯುವ ಹೊತ್ತಿಗೆ ಸಿಸ್ಟಮ್ ಡೌನ್! ದುಬೈನಲ್ಲಿ ರಾತ್ರಿ 2ಕ್ಕೆ ಆಗಬೇಕಾದರೆ ಯುಟಿಸಿಯಲ್ಲಿ ಹಿಂದಿನ ರಾತ್ರಿ 10 ಅಂತ, ಅಂದರೆ 22:00 ಎಂದು ಬರೆಯಬೇಕು.

ವಾರಾಂತ್ಯವೂ ಎಲ್ಲ ಕಡೆ ಒಂದೇ ಅಲ್ಲ. ಯುಎಇಯಲ್ಲಿ 2022ರಿಂದ ಸರ್ಕಾರಿ ವಾರಾಂತ್ಯ ಶನಿವಾರ, ಭಾನುವಾರಕ್ಕೆ ಬದಲಾಗಿದೆ. ಸೌದಿಯಲ್ಲಿ ಶುಕ್ರವಾರ, ಶನಿವಾರ. ಎರಡೂ ಕಡೆ ಶಾಖೆ ಇರುವ ಕಂಪನಿಗೆ ಶನಿವಾರ ಅನುಕೂಲ. ಉಬುಂಟುವಿನ ಆ ರೀಬೂಟ್ ಸಾಲಿನಲ್ಲಿ ಗಂಟೆ ಮಾತ್ರ ಕೊಡಬಹುದು, ವಾರ ಕೊಡಲಾಗದು. ನಿರ್ದಿಷ್ಟ ದಿನವೇ ಬೇಕಿದ್ದರೆ ಆ ಸಾಲನ್ನು ಆಫ್ ಇಟ್ಟು, 'ರೀಬೂಟ್ ರಿಕ್ವೈರ್ಡ್' ಫೈಲ್ ಇದ್ದರೆ ಮಾತ್ರ ಆ ದಿನ ರೀಬೂಟ್ ಮಾಡುವ ಕ್ರಾನ್ ಜಾಬ್ ಬರೆಯಬೇಕು. ರಂಜಾನ್ ತಿಂಗಳಲ್ಲಿ ಲೆಕ್ಕವೇ ಬೇರೆ. ರೆಸ್ಟೋರೆಂಟ್‌ಗಳಲ್ಲಿ ಸಹರಿವರೆಗೂ ವ್ಯಾಪಾರ ನಡೆಯುವುದರಿಂದ ರಾತ್ರಿ 2 ಅಲ್ಲಿ ಬಿಡುವಿನ ಹೊತ್ತಲ್ಲ.

ಆನ್ ಮಾಡುವ ಮುನ್ನ

ಮೊದಲ ರೀಬೂಟನ್ನು ಸರ್ವರ್ ಪಕ್ಕದಲ್ಲೇ ನಿಂತು ಕೈಯಾರೆ ಮಾಡಬೇಕು. ಡೇಟಾಬೇಸ್, ಬಿಲ್ಲಿಂಗ್ ಸಾಫ್ಟ್‌ವೇರ್ ತಾವಾಗಿ ಮೇಲೆದ್ದವೇ? ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಪಾಸ್‌ವರ್ಡ್ ಕೇಳುತ್ತಾ ಕೂತುಬಿಡುತ್ತದೆಯೇ? ಹಾಗಾದರೆ ಅಂಥ ಸರ್ವರ್ ತಾನಾಗಿ ರೀಬೂಟ್ ಆಗುವುದು ಅಪಾಯ. ಬ್ಯಾಕಪ್ ರಾತ್ರಿ 1ಕ್ಕೆ ಶುರುವಾಗಿ ಎಷ್ಟಕ್ಕೆ ಮುಗಿಯುತ್ತದೆ ಅಂತ ನೋಡಿ, ಅದರ ನಂತರವೇ ರೀಬೂಟ್ ಇಡಬೇಕು. ಎರಡು ಸರ್ವರ್ ಇದ್ದರೆ ಎರಡಕ್ಕೂ ಒಂದೇ ಸಮಯ ಬೇಡ. ಅರ್ಧ ಗಂಟೆ ಅಂತರವಿರಲಿ. ಒಂದು ಏಳದಿದ್ದರೆ ಇನ್ನೊಂದಾದರೂ ಉಳಿಯಬೇಕು.

ರೀಬೂಟ್ ಆದ ಮೇಲೆ ಸರ್ವರ್ ಎದ್ದಿದೆ ಅನ್ನುವ ಸಂದೇಶ ಇಮೇಲ್ ಅಥವಾ ಟೆಲಿಗ್ರಾಂಗೆ ಬರುವಂತೆ ಇಡಬೇಕು. ಸಂದೇಶ ಬಾರದಿದ್ದರೆ ಅದೇ ಎಚ್ಚರಿಕೆ ಗಂಟೆ.

ರೀಬೂಟ್ ಮಾಡದೆಯೇ ಓಡುತ್ತಿರುವ ಕರ್ನಲ್‌ನ ಗಂಭೀರ ದೋಷಗಳನ್ನು ಮುಚ್ಚುವ ಲೈವ್‌ಪ್ಯಾಚ್ ಕೂಡ ಇದೆ. ಅದು ತುರ್ತನ್ನು ತಗ್ಗಿಸುತ್ತದೆ, ರೀಬೂಟಿನ ಅಗತ್ಯವನ್ನು ಪೂರ್ತಿ ತೆಗೆಯುವುದಿಲ್ಲ.

ಕೊನೆಯದಾಗಿ, ಯಾವ ದಿನ, ಯಾವ ಗಂಟೆಗೆ ರೀಬೂಟ್ ಆಗುತ್ತದೆ ಎಂದು ಮ್ಯಾನೇಜರ್‌ಗೆ ಇಮೇಲ್ ಮಾಡಿ ಒಪ್ಪಿಗೆ ಪಡೆದಿರಬೇಕು. ಬಾಯಿಮಾತು ಸಾಲದು. ನಾಳೆ ಏನಾದರೂ ಎಡವಟ್ಟಾದರೆ 'ಕೇಳದೆ ಮಾಡಿದ' ಅನ್ನುವ ಮಾತು ಸಂಬಳ, ನೌಕರಿವರೆಗೂ ಹೋಗಬಹುದು. ರಜೆಗೆ ಹೊರಡುವ ಮುನ್ನ ಸರ್ವರ್ ಏಳದಿದ್ದರೆ ಯಾರು, ಯಾವ ಬಟನ್ ಒತ್ತಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಆಫೀಸಿನಲ್ಲಿ ಒಬ್ಬರಿಗೆ ತೋರಿಸಿ ಹೋಗಬೇಕು. ಆಗ ಊರಿನಲ್ಲಿ ಮಕ್ಕಳ ಜೊತೆ ಊಟಕ್ಕೆ ಕೂತಾಗ ಫೋನ್ ಒಳಕೋಣೆಯಲ್ಲೇ ಇರಬಹುದು.