ರೋರಿಚ್ ಎಸ್ಟೇಟ್: ಸೆಂಟ್ಸ್ ಲೆಕ್ಕದಲ್ಲಿ ಒಬ್ಬ ಕಲಾವಿದನ ಆಸ್ತಿ

ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಸುತ್ತಮುತ್ತ ರಷ್ಯಾ ಮೂಲದ ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್ ಮತ್ತು ಅವರ ಪತ್ನಿ, ಚಿತ್ರನಟಿ ದೇವಿಕಾ ರಾಣಿ ಹೊಂದಿದ್ದ ಜಮೀನು 470 ಎಕರೆ 19 ಗುಂಟೆ. ನಮ್ಮ ದಕ್ಷಿಣ ಕನ್ನಡದ ಪುತ್ತಿಗೆ, ಮೂಡುಬಿದಿರೆ ಕಡೆ ಜಾಗದ ಮಾತು ನಡೆಯುವುದು ಸೆಂಟ್ಸಿನಲ್ಲಿ. ಗುಂಟೆಗೆ ಎರಡೂವರೆ ಸೆಂಟ್ಸ್ ಹಿಡಿದರೆ ಇದು 47,047 ಸೆಂಟ್ಸ್. ಐದು ಸೆಂಟ್ಸಿನ ಮನೆ ನಿವೇಶನಗಳಾದರೆ ಸುಮಾರು 9,400. ಇಷ್ಟು ದೊಡ್ಡ ಆಸ್ತಿ ಮತ್ತು ಅದರೊಳಗಿನ ಕಲಾಕೃತಿಗಳು ಮುಂದೆ ಯಾರ ಕೈಸೇರಬೇಕು ಎಂಬುದು ತಕರಾರಿಲ್ಲದಂತೆ ಇತ್ಯರ್ಥವಾಗಲಿಲ್ಲ. ಅದಕ್ಕೆ ಎಷ್ಟು ವರ್ಷ, ಎಷ್ಟು ಹಣ ಹೋಯಿತು ಎಂಬುದು ಈ ಲೆಕ್ಕ.

ತಂದೆ, ಮಗ

ತಂದೆ ನಿಕೊಲಸ್ ರೋರಿಚ್ (1874–1947) ಚಿತ್ರಕಾರ, ಸಂಚಾರಿ. 1925ರಿಂದ 1928ರವರೆಗೆ ಲಡಾಖ್, ಅಲ್ಟಾಯ್, ಮಂಗೋಲಿಯಾ, ಟಿಬೆಟ್ ಸುತ್ತಿ ಬಂದು ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದರು. ಯುದ್ಧಕಾಲದಲ್ಲೂ ಕಲಾ ಸಂಸ್ಥೆಗಳಿಗೆ ರಕ್ಷಣೆ ಬೇಕೆಂದು ಅವರು ಮುಂದಿಟ್ಟ ಒಪ್ಪಂದಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು. ಮಗ ಸ್ವೆತೊಸ್ಲಾವ್ ಹುಟ್ಟಿದ್ದು 1904ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 1945ರಲ್ಲಿ ದೇವಿಕಾ ರಾಣಿಯವರನ್ನು ಮದುವೆಯಾದರು. 1961ರಲ್ಲಿ ಪದ್ಮಭೂಷಣ ಪಡೆದರು. ತಂದೆ–ಮಗ ಇಬ್ಬರ ಚಿತ್ರಗಳನ್ನೂ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ನೋಡಬಹುದು.

ಜಮೀನಿನ ಬಾಬ್ತು

- 1954ರಲ್ಲಿ ಸರ್ಕಾರದ ಮಂಜೂರಾತಿ: 100 ಎಕರೆ
- ಖಾಸಗಿಯವರಿಂದ ಕ್ರಯಕ್ಕೆ ಪಡೆದದ್ದು: 370 ಎಕರೆ 19 ಗುಂಟೆ
- 1991ರಲ್ಲಿ ಖಾಸಗಿ ಕಂಪನಿಗೆ ಮಾರಿದ್ದು: 141 ಎಕರೆ 25 ಗುಂಟೆ
- ಕ್ರಯಪತ್ರದ ಮೊತ್ತ: 56,65,000 ರೂಪಾಯಿ

ಭಾಗಿಸಿದರೆ ಎಕರೆಗೆ ಸರಿಯಾಗಿ 40,000, ಸೆಂಟ್ಸಿಗೆ 400 ರೂಪಾಯಿ. ಆಗ ರೋರಿಚ್ ಅವರಿಗೆ 86 ವರ್ಷ.

ಸರ್ಕಾರ ಜಮೀನು ಕೊಟ್ಟದ್ದು ಲಿನಾಲೋ ಬೆಳೆಗೆ. ಮೆಕ್ಸಿಕೊ ಮೂಲದ ಈ ಮರದ ಸಣ್ಣ ಕಾಯಿಯ ಸಿಪ್ಪೆಯನ್ನು ಭಟ್ಟಿ ಇಳಿಸಿದರೆ ಬರುವ ಎಣ್ಣೆ ಸುಗಂಧದ್ರವ್ಯಕ್ಕೆ ಬೇಕು. ಈ ಬೆಳೆಯ ಜಮೀನಿಗೆ ಭೂಸುಧಾರಣಾ ಕಾಯ್ದೆಯಲ್ಲೇ ವಿನಾಯಿತಿ ಇತ್ತು. ಗೇಣಿದಾರರು ಭೂಮಿಗಾಗಿ ಡಿಕ್ಲರೇಶನ್ ಹಾಕಿದ ಕಾಲ ಕಂಡ ದಕ್ಷಿಣ ಕನ್ನಡದ ಹಿರಿಯರಿಗೆ ಆ ವಿನಾಯಿತಿಯ ಬೆಲೆ ವಿವರಿಸಬೇಕಾಗಿಲ್ಲ. ರೋರಿಚ್ 1993ರ ಜನವರಿ 30ರಂದು ತೀರಿಕೊಂಡರು. 1994ರ ಮಾರ್ಚ್ 8ರಂದು ಸರ್ಕಾರ ವಿನಾಯಿತಿ ಹಿಂತೆಗೆದುಕೊಂಡಿತು. ಮರುದಿನ ದೇವಿಕಾ ರಾಣಿ ತೀರಿಕೊಂಡರು.

ಪರಿಹಾರ, ಕಾಯುವಿಕೆ

ಕಲಾಕೃತಿಗಳನ್ನು ಕಾಪಾಡಲು, ಕಲಾ ಗ್ಯಾಲರಿ ಮತ್ತು ವಸ್ತುಸಂಗ್ರಹಾಲಯ ಸ್ಥಾಪಿಸಲು ರಾಜ್ಯ ಸರ್ಕಾರ 1996ರಲ್ಲಿ ಪ್ರತ್ಯೇಕ ಕಾಯ್ದೆ ತಂದು, ಕಂಪನಿಗೆ ಮಾರಿದ ಭಾಗವೂ ಸೇರಿದಂತೆ ಎಸ್ಟೇಟನ್ನು ವಶಕ್ಕೆ ಪಡೆಯಿತು. ಗೊತ್ತುಪಡಿಸಿದ ಮೊತ್ತ 5 ಕೋಟಿ ರೂಪಾಯಿ. ಸುಮಾರು 468 ಎಕರೆಗೆ ಹಂಚಿದರೆ ಎಕರೆಗೆ 1.07 ಲಕ್ಷ, ಸೆಂಟ್ಸಿಗೆ 1,070 ರೂಪಾಯಿಯಷ್ಟು. ಕಾಯ್ದೆಯನ್ನು ಪ್ರಶ್ನಿಸಿದ ಪ್ರಕರಣ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಹೋಯಿತು. ಕಾಯ್ದೆಯನ್ನು ಎತ್ತಿಹಿಡಿದ ತೀರ್ಪು ಬಂದದ್ದು 2011ರ ಆಗಸ್ಟ್ 9ರಂದು. ಕಲಾವಿದ ತೀರಿಹೋಗಿ ಅಷ್ಟೊತ್ತಿಗೆ ಹದಿನೆಂಟೂವರೆ ವರ್ಷ. ಆಸ್ತಿಯ ಹಕ್ಕಿನ ಕುರಿತ ಸಂವಿಧಾನದ 300-ಎ ವಿಧಿಯ ಚರ್ಚೆಯಲ್ಲಿ ಇಂದಿಗೂ ಈ ತೀರ್ಪು ಉಲ್ಲೇಖವಾಗುತ್ತದೆ.

ನಮ್ಮ ಕಡೆಗೆ ಬಂದರೆ

1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಆರುನೂರನೇ ವರ್ಷದ ಹೊಸ್ತಿಲಲ್ಲಿದೆ. ಧವಲಾದಂಥ ಜೈನ ತಾಳೆಗರಿ ಗ್ರಂಥಗಳು ಇದೇ ಊರಿನಲ್ಲಿ ಉಳಿದು ಬಂದವು. ಅವು ಒಬ್ಬ ವ್ಯಕ್ತಿಯ ಸ್ವತ್ತಾಗಿರಲಿಲ್ಲ. ಅವಕ್ಕೆ ಕಾಲಕಾಲಕ್ಕೆ ವಾರಸುದಾರಿಕೆ ವಹಿಸಿಕೊಳ್ಳುವ ಸಂಸ್ಥೆಯಿತ್ತು. ಪುತ್ತಿಗೆಯ ಆಸುಪಾಸಿನ ಮನೆಗಳಲ್ಲಿ ಚಿತ್ರ, ಕೆತ್ತನೆ, ಯಕ್ಷಗಾನದ ಹಳೆಯ ವೇಷಭೂಷಣ, ಓಲೆಗರಿ ಇಟ್ಟುಕೊಂಡವರು ಮಾಡಬೇಕಾದ್ದು ಮೂರೇ: ಪಟ್ಟಿ ಬರೆಯುವುದು, ಫೋಟೊ ತೆಗೆದಿಡುವುದು, ಮುಂದೆ ಯಾರಿಗೆಂದು ನೋಂದಣಿ ಮಾಡಿಸಿದ ಕಾಗದ ಮಾಡಿಡುವುದು. ಇದಕ್ಕೆ ತಗಲುವ ಖರ್ಚು ವರ್ಷಗಟ್ಟಲೆಯ ವ್ಯಾಜ್ಯದ ಮುಂದೆ ಏನೂ ಅಲ್ಲ. ಸರ್ಕಾರದ ಪಾಲಿಗೂ ಒಂದು ಬಾಕಿಯಿದೆ. ಕಲೆಯ ಹೆಸರಿನಲ್ಲಿ ಪಡೆದ 468 ಎಕರೆಯಲ್ಲಿ ಎಷ್ಟು ಕೃತಿಗಳಿವೆ, ಎಷ್ಟು ಪ್ರದರ್ಶನದಲ್ಲಿವೆ ಎಂಬ ಲೆಕ್ಕವನ್ನು ಪ್ರತಿವರ್ಷ ಜನರ ಮುಂದಿಡಬೇಕು. ಕಾಯ್ದೆಯ ಉದ್ದೇಶ ಈಡೇರಿತೇ ಎಂದು ಅಳೆಯಲು ಅದೇ ಅಳತೆಗೋಲು.