ನಲವತ್ತೊಂಬತ್ತು ಸೆಕೆಂಡಿನ ಸಮುದ್ರಯುದ್ಧ

40 ನಾಟ್ ವೇಗದ ಟಾರ್ಪೆಡೊ ಸಾವಿರ ಮೀಟರ್ ದಾಟಲು ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ ನೋಡಿ: ಹೆಚ್ಚುಕಡಿಮೆ 49 ಸೆಕೆಂಡು! ಅಷ್ಟರಲ್ಲಿ 10 ನಾಟ್‌ನಲ್ಲಿ ನಿಧಾನಕ್ಕೆ ಸಾಗುವ ಸರಕುಹಡಗು ಕೂಡ 250 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಟಾರ್ಪೆಡೊ ಬಿಡುವವನು ಗುರಿಯಿಡಬೇಕಾದ್ದು ಹಡಗು ಇನ್ನೂ ಬಂದೇ ಇಲ್ಲದ ಖಾಲಿ ನೀರಿಗೆ. ಕಗ್ಗತ್ತಲು, ಕುಣಿಯುವ ಮರದ ದೋಣಿ, ಯಾವ ಗಳಿಗೆಯಲ್ಲಾದರೂ ಮೇಲೆ ಬೀಳಬಹುದಾದ ಸರ್ಚ್‌ಲೈಟು. ಇದರ ನಡುವೆ ಈ ಲೆಕ್ಕ! ಇದನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದು ಸಂಜೆಯಲ್ಲೇ ಇಡೀ ಕಾಳಗ ಆಡಿ ಮುಗಿಸುವ ನಿಯಮಗಳು ಇವೆ ಎಂದು ಗೊತ್ತಾದ ದಿನ ನನಗೆ ನಿದ್ದೆಯೇ ಹತ್ತಲಿಲ್ಲ.

ಪುಟಾಣಿ ಹಡಗುಗಳ ಯುದ್ಧದಾಟ ಹೊಸದೇನಲ್ಲ. ಇಂಗ್ಲೆಂಡಿನ ಫ್ರೆಡ್ ಜೇನ್ 1898ರಲ್ಲೇ ತನ್ನ ನೌಕಾಯುದ್ಧದ ಆಟವನ್ನು ಹೊರತಂದಿದ್ದ. ಹೌದು, ಯುದ್ಧನೌಕೆಗಳ ಪ್ರಸಿದ್ಧ ಕೈಪಿಡಿ ಶುರುಮಾಡಿದ ಅದೇ ಜೇನ್! ಆಮೇಲೆ ಅಮೆರಿಕದ ಫ್ಲೆಚರ್ ಪ್ರಾಟ್ ಬಂದ. ಅವನ ಆಟಗಾರರು ನೆಲದ ಮೇಲೆ ಹಡಗುಗಳನ್ನು ಹರಡಿ, ಫಿರಂಗಿಯ ದೂರವನ್ನು ಕಣ್ಣಳತೆಯಲ್ಲೇ ಊಹಿಸಬೇಕಿತ್ತು. ಆದರೆ ಇಂಥ ಆಟಗಳ ಜೀವವೆಲ್ಲ ದೊಡ್ಡ ಹಡಗುಗಳಲ್ಲಿ. ಉಕ್ಕಿನ ಕವಚ ಎಷ್ಟು ದಪ್ಪ, ಗುಂಡು ಎಷ್ಟು ಅಗಲ ಎಂಬ ಲೆಕ್ಕಗಳು. ಸಣ್ಣ ದೋಣಿಗೆ ಕವಚವೆಲ್ಲಿದೆ? ಮರದ ಹಲಗೆ, ಎಂಜಿನ್ನು, ಎರಡು ಟಾರ್ಪೆಡೊ, ಅಷ್ಟೇ. ನಿಜದಲ್ಲಿ ನಾಲ್ಕೈದು ನಿಮಿಷ ನಡೆಯುವ ಕಾದಾಟವನ್ನು ದಿನವಿಡೀ ಕೋಷ್ಟಕ ತಿರುವುತ್ತಾ ಆಡಿದರೆ, ಆ ಕಾದಾಟದ ಪ್ರಾಣವೇ ಹೋಗಿಬಿಡುತ್ತದೆ. ಇಲ್ಲಿ ಬೇಗ ಮುಗಿಯುವ ನಿಯಮವೇ ಸತ್ಯಕ್ಕೆ ಹತ್ತಿರದ ನಿಯಮ. ಇದು ಹೊಳೆದಾಗ ಆದ ರೋಮಾಂಚನವನ್ನು ಹೇಗೆ ಹೇಳಲಿ!

ನನಗೆ ಸಿಕ್ಕಿದ್ದು 'ಕ್ರೂಯೆಲ್ ಸೀಸ್'. ಬ್ರಿಟನ್ನಿನ ವಾರ್ಲಾರ್ಡ್ ಗೇಮ್ಸ್ 2018ರಲ್ಲಿ ತಂದ ಆಟ, ಎರಡನೇ ಮಹಾಯುದ್ಧದ ಸಣ್ಣ ದೋಣಿಗಳದ್ದು. ದೋಣಿಗೊಂದರಂತೆ ಎರಡೂ ಪಕ್ಷದ ಬಣ್ಣದ ದಾಳಗಳನ್ನು ಒಂದು ಚೀಲಕ್ಕೆ ಹಾಕಿ, ಒಳಗೆ ಕೈ ಹಾಕಿ ಒಂದೊಂದಾಗಿ ತೆಗೆಯಬೇಕು. ಯಾರ ಬಣ್ಣ ಬಂತೋ ಅವರ ಒಂದು ದೋಣಿ ಓಡುತ್ತದೆ, ಗುಂಡು ಹಾರಿಸುತ್ತದೆ. ಮುಂದಿನದು ಯಾರದು? ಯಾರಿಗೂ ಗೊತ್ತಿಲ್ಲ! ನೀವು ಕಣ್ಣಿಟ್ಟ ಹಡಗು ನಿಮಗಿಂತ ಮೊದಲೇ ತಿರುಗಿಬಿಡಬಹುದು. ರಾತ್ರಿಯ ಸಮುದ್ರದ ಗಲಿಬಿಲಿಯನ್ನು ಒಂದು ಬಟ್ಟೆಯ ಚೀಲ ಹಿಡಿದಿಟ್ಟಿದೆ.

ವೇಗಕ್ಕೆ ಮೂರೇ ಹಂತ: ನಿಧಾನ, ಕಾದಾಟದ ವೇಗ, ಪೂರ್ಣ ವೇಗ. ಗುಂಡು ತಾಗಿತೇ ಎಂದು ತಿಳಿಯಲು ಹತ್ತು ಮುಖದ ದಾಳ. ಟಾರ್ಪೆಡೊವಂತೂ ಮೇಜಿನ ಮೇಲೆ ನಿಜವಾದ ಒಂದು ತುಣುಕಾಗಿ ಇಳಿದು, ಸರದಿ ಸರದಿಗೂ ನೆಟ್ಟಗೆ ಮುಂದೆ ಸಾಗುತ್ತದೆ. ಅದು ಬರುತ್ತಿರುವುದು ಎದುರಾಳಿಗೂ ಕಾಣುತ್ತಿದೆ! ಅವನು ತಿರುಗಿಸಿಕೊಳ್ಳುತ್ತಾನೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ಕೂತಾಗ ಆ 49 ಸೆಕೆಂಡು ಎಷ್ಟು ಉದ್ದ ಎಂದು ಗೊತ್ತಾಗುತ್ತದೆ.

ಇದೇ ನಿಯಮಗಳನ್ನು ಅಲ್ಲಲ್ಲಿ ತಿದ್ದಿಕೊಂಡು ನಾನು ಆಡಿದ್ದು ಎರಡನೇ ಮಹಾಯುದ್ಧಕ್ಕೂ ಹಿಂದಿನ ಒಂದು ಕಾಳಗ. ಕೇಳಿ, ಕಥೆಯೆಂದರೆ ಇದು! 1918ರ ಜೂನ್ 10, ಏಡ್ರಿಯಾಟಿಕ್ ಸಮುದ್ರ, ಪ್ರೆಮುಡಾ ದ್ವೀಪದ ಹತ್ತಿರ, ಬೆಳಕು ಹರಿಯುವ ಮುಂಚಿನ ಹೊತ್ತು. ಇಟಲಿಯ ಲುಯಿಜಿ ರಿಜ್ಜೊ ಮಾಸ್ ಎಂಬ ಎರಡು ಪುಟ್ಟ ಟಾರ್ಪೆಡೊ ದೋಣಿಗಳೊಂದಿಗೆ ಗಸ್ತು ಮುಗಿಸಿ ಮರಳುತ್ತಿದ್ದ. ದೂರದಲ್ಲಿ ಹೊಗೆ ಕಂಡಿತು. ಓಡಿಹೋಗಬಹುದಿತ್ತು. ಅವನು ಹೊಗೆಯ ಕಡೆಗೇ ದೋಣಿ ತಿರುಗಿಸಿದ! ಬರುತ್ತಿದ್ದದ್ದು ಆಸ್ಟ್ರಿಯಾ-ಹಂಗೇರಿಯ ಮಹಾನೌಕೆಗಳು, ಸುತ್ತ ಬೆಂಗಾವಲು. ರಿಜ್ಜೊ ಆ ಬೆಂಗಾವಲಿನ ನಡುವೆಯೇ ತೂರಿಕೊಂಡು ಹೋಗಿ ಎರಡು ಟಾರ್ಪೆಡೊ ಬಿಟ್ಟ. ಎರಡೂ ತಾಗಿದವು. 'ಸೆಂಟ್ ಇಷ್ಟ್ವಾನ್' ಎಂಬ 152 ಮೀಟರ್ ಉದ್ದದ ಯುದ್ಧನೌಕೆ ಕೆಲವೇ ಗಂಟೆಗಳಲ್ಲಿ ಮಗುಚಿ ಮುಳುಗಿತು; 89 ಮಂದಿ ತೀರಿಕೊಂಡರು. ಅದು ಮಗುಚುವುದನ್ನು ಜೊತೆಯ ಹಡಗಿನಿಂದ ಚಿತ್ರೀಕರಿಸಿದ ಫಿಲ್ಮ್ ಇಂದಿಗೂ ಉಳಿದಿದೆ. ಈ ನೌಕೆಗಳು ಒಟ್ರಾಂಟೊ ಜಲಸಂಧಿಯ ಮೇಲೆ ನಡೆಸಬೇಕಿದ್ದ ದಾಳಿಯನ್ನೇ ಅವುಗಳ ದಳಪತಿ ಅಡ್ಮಿರಲ್ ಹೋರ್ಟಿ ಕೈಬಿಟ್ಟ.

1:1200 ಅಳತೆಯಲ್ಲಿ ಇದನ್ನು ಮೇಜಿನ ಮೇಲೆ ಇಟ್ಟು ನೋಡಿ. ಮಹಾನೌಕೆ ಸುಮಾರು 12.7 ಸೆಂಟಿಮೀಟರ್. ರಿಜ್ಜೊನ ದೋಣಿ ಒಂದು ಲವಂಗದಷ್ಟು! ಆ ಲವಂಗವನ್ನು ಎರಡು ಬೆರಳಲ್ಲಿ ಹಿಡಿದು ಬೆಂಗಾವಲಿನ ಸಾಲಿನೊಳಗೆ ಸರಿಸುವಾಗ ನನ್ನ ಕೈ ನಡುಗಿತು. ವೇಗ ಹೆಚ್ಚಿಸಿದರೆ ದೋಣಿಯ ಮೂತಿಯ ಬುಡದಲ್ಲಿ ಬಿಳಿ ನೊರೆಯೆದ್ದು ಶತ್ರುವಿಗೆ ಕಾಣುತ್ತದೆ. ನಿಧಾನಿಸಿದರೆ ಹಡಗು ದಾಟಿಹೋಗುತ್ತದೆ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಇಕ್ಕಟ್ಟು ಬೆರಳ ತುದಿಗೆ ಬಂದು ನಿಂತಿತ್ತು. ರಿಜ್ಜೊನ ನಿಜವಾದ ದೋಣಿ, ಮಾಸ್-15, ರೋಮ್‌ನ ವಿಟ್ಟೋರಿಯಾನೊ ಸ್ಮಾರಕದಲ್ಲಿ ಇಂದಿಗೂ ಇದೆ.

ಅಷ್ಟು ದೂರ ಹೋಗಲಾಗದವರು ಕಾರವಾರಕ್ಕೆ ಹೋಗಿ. ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಾಪಲ್ ಇದೇ ವಂಶದ ಕುಡಿ. ಟಾರ್ಪೆಡೊ ಇರಬೇಕಾದ ಜಾಗದಲ್ಲಿ ಕ್ಷಿಪಣಿ, ಅಷ್ಟೇ ವ್ಯತ್ಯಾಸ. ಮೊದಲ ಸೋವಿಯತ್ ಕ್ಷಿಪಣಿ ದೋಣಿಗಳು ಹುಟ್ಟಿದ್ದೇ ಟಾರ್ಪೆಡೊ ದೋಣಿಯ ಒಡಲಿನ ಮೇಲೆ. ಆ ಡೆಕ್ಕಿನ ಮೇಲೆ ನಿಂತು ಅಳೆದು ನೋಡಿ, ಎಷ್ಟು ಚಿಕ್ಕದು!

ಶುರುಮಾಡಲು ದುಬಾರಿ ಮಾದರಿಗಳೇ ಬೇಕೆಂದಿಲ್ಲ. ರಟ್ಟಿನಲ್ಲಿ ದೋಣಿ ಕತ್ತರಿಸಿಕೊಳ್ಳಿ, ಮೇಜಿಗೆ ಕಡುನೀಲಿ ಬಟ್ಟೆ ಹಾಸಿ, ದಾಳ ಮತ್ತು ಅಳತೆ ಟೇಪು ಇಟ್ಟುಕೊಳ್ಳಿ. ಪ್ರೆಮುಡಾ ಆಡುವುದಾದರೆ ಒಂದು ಮಾತು ಮರೆಯಬೇಡಿ: ಟಾರ್ಪೆಡೊ ಬಿಟ್ಟ ಮೇಲೆ ರಿಜ್ಜೊನ ಬೆನ್ನು ಹತ್ತಿ ಒಂದು ಬೆಂಗಾವಲು ನೌಕೆ ಬಂದಿತ್ತು. ಜಲಾಂತರ್ಗಾಮಿಗಳಿಗೆಂದು ಇಟ್ಟಿದ್ದ ಸಿಡಿಗುಂಡುಗಳನ್ನು ಅವನು ತನ್ನ ಹಿಂದೆಯೇ, ಅದರ ದಾರಿಗೇ ಉರುಳಿಸಿಬಿಟ್ಟ. ಒಂದು ಸಿಡಿಯಿತು, ಬೆನ್ನಟ್ಟಿದ ನೌಕೆ ಪಕ್ಕಕ್ಕೆ ಹೊರಳಿತು. ಹಾಗಾಗಿ ಲವಂಗದ ದೋಣಿಗೆ ಎರಡು ಸಿಡಿಗುಂಡನ್ನೂ ಕೊಟ್ಟಿರಿ.