ನಡೆದದ್ದೇನು, ಕಾನೂನೇನು: ಸಿವಿಲ್ ದಾವೆಯಲ್ಲಿ ತೀರ್ಮಾನ ಯಾರದು?

ಸಿವಿಲ್ ದಾವೆಯಲ್ಲಿ ನ್ಯಾಯಾಲಯದ ಮುಂದೆ ಬರುವ ಪ್ರಶ್ನೆಗಳು ಎರಡು ಬಗೆಯವು. ನಿಜವಾಗಿ ನಡೆದದ್ದೇನು ಎಂಬುದು ಒಂದು, ಅದಕ್ಕೆ ಕಾನೂನು ಏನು ಹೇಳುತ್ತದೆ ಎಂಬುದು ಇನ್ನೊಂದು. ಹುನಗುಂದದ ಕಡೆ ಅಣ್ಣತಮ್ಮಂದಿರ ನಡುವೆ ಹೊಲದ ವಾಟ್ನಿ ಹಿಂದೆಯೇ ಆಗಿತ್ತೇ ಎಂಬುದು ಸಂಗತಿಯ ಪ್ರಶ್ನೆ. ಆಗಿರದಿದ್ದರೆ ಮನೆಮಗಳಿಗೆ ಎಷ್ಟು ಪಾಲು ಎಂಬುದು ಕಾನೂನಿನ ಪ್ರಶ್ನೆ. ಜ್ಯೂರಿ ಪದ್ಧತಿಯಲ್ಲಿ ಮೊದಲನೆಯದನ್ನು ಸಾಮಾನ್ಯ ನಾಗರಿಕರು ನಿರ್ಧರಿಸುತ್ತಾರೆ, ಎರಡನೆಯದು ನ್ಯಾಯಾಧೀಶರ ಪಾಲಿಗೆ. ಬಾಗಲಕೋಟೆ, ಬಾದಾಮಿ, ಹುನಗುಂದದ ಸಿವಿಲ್ ನ್ಯಾಯಾಲಯಗಳಲ್ಲಿ ಎರಡೂ ಒಬ್ಬ ನ್ಯಾಯಾಧೀಶರ ಹೊಣೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇಲ್ಲ.

1959ರ ನಾನಾವತಿ ಮೊಕದ್ದಮೆಯಿಂದ ಜ್ಯೂರಿಯ ಹೆಸರು ಕೇಳಿದವರು ಬಹಳ ಮಂದಿ. ಅದು ಕ್ರಿಮಿನಲ್ ಪ್ರಕರಣ. 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಅಲ್ಲೂ ಜ್ಯೂರಿ ಉಳಿಯಲಿಲ್ಲ. ಸಿವಿಲ್ ವ್ಯಾಜ್ಯದಲ್ಲಿ ಅದನ್ನು ಹೋಲುವ ವ್ಯವಸ್ಥೆ ಭಾರತದಲ್ಲಿ ಇಂದಿಗೂ ಇರುವುದು ಪಾರ್ಸಿಗಳ ವಿವಾಹ ನ್ಯಾಯಾಲಯದಲ್ಲಿ: 1936ರ ಕಾಯ್ದೆಯಂತೆ ಸಮುದಾಯದ ಪ್ರತಿನಿಧಿಗಳು ಸಂಗತಿಯನ್ನು ಬಹುಮತದಿಂದ ನಿರ್ಣಯಿಸುತ್ತಾರೆ, ಕಾನೂನನ್ನು ನ್ಯಾಯಾಧೀಶರು ನೋಡಿಕೊಳ್ಳುತ್ತಾರೆ.

ನಮ್ಮ ನ್ಯಾಯಾಧೀಶರ ಕೆಲಸದಲ್ಲಿ ಹೆಚ್ಚು ತೂಕದ್ದು, ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ್ದು, ವಿವಾದಾಂಶಗಳನ್ನು ರಚಿಸುವುದು. ವಾದಿ ದಾವೆ ಹೂಡುತ್ತಾನೆ, ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸುತ್ತಾನೆ. ಒಬ್ಬರು ಹೌದೆಂದು ಇನ್ನೊಬ್ಬರು ಅಲ್ಲವೆಂದ ಅಂಶಗಳನ್ನು ನ್ಯಾಯಾಧೀಶರು ಒಂದೊಂದಾಗಿ ಹೆಕ್ಕಿ ಬರೆಯುತ್ತಾರೆ. ಆಮೇಲಿನ ಸಾಕ್ಷ್ಯ, ಪಾಟೀಸವಾಲು, ವಾದ ಎಲ್ಲವೂ ಆ ಅಂಶಗಳ ಸುತ್ತಲೇ. ಉತಾರದಲ್ಲಿ ಹೆಸರು ಒಬ್ಬರದಿದ್ದು ಉಳುಮೆ ಇನ್ನೊಬ್ಬರದಾಗಿದ್ದರೆ ಕಾಗದ ನಂಬಬೇಕೋ ಸಾಕ್ಷಿ ನಂಬಬೇಕೋ ಎಂಬುದನ್ನೂ ಅವರೇ ತೂಗಬೇಕು. ಬದುವಿನ ತಕರಾರಿದ್ದರೆ ಅಳತೆಗೆ ಕಮಿಷನರನ್ನು ನೇಮಿಸಬಹುದು, ತಾವೇ ಹೋಗಿ ಜಾಗ ನೋಡಬಹುದು. ಸಂದೇಹಕ್ಕೆ ಎಡೆಯೇ ಇಲ್ಲದಂತಹ ರುಜುವಾತು ಸಿವಿಲ್ ದಾವೆಯಲ್ಲಿ ಬೇಕಿಲ್ಲ. ಯಾರ ಮಾತು ಹೆಚ್ಚು ಸಂಭವನೀಯವೋ ಅವರ ಕಡೆ ತೀರ್ಪು.

ಅಮೆರಿಕದಲ್ಲಿ ಸಂವಿಧಾನದ 7ನೇ ತಿದ್ದುಪಡಿ, 1791ರಿಂದ, ಫೆಡರಲ್ ನ್ಯಾಯಾಲಯಗಳಲ್ಲಿ ಸಿವಿಲ್ ಜ್ಯೂರಿಯ ಹಕ್ಕನ್ನು ಕಾಪಾಡಿದೆ. ಅಲ್ಲಿ 6ರಿಂದ 12 ಮಂದಿ ಜ್ಯೂರಿಯಲ್ಲಿ ಕೂರುತ್ತಾರೆ. ಯಾವ ಸಾಕ್ಷ್ಯ ಅವರ ಕಿವಿಗೆ ಬೀಳಬೇಕೆಂದು ನಿರ್ಧರಿಸುವವರು ನ್ಯಾಯಾಧೀಶರು, ಕೊನೆಯಲ್ಲಿ ಅನ್ವಯಿಸುವ ಕಾನೂನನ್ನು ತಿಳಿಸಿ ಹೇಳುವವರೂ ಅವರೇ. ಆದರೆ ಅಲ್ಲಿಯೂ ಎಲ್ಲ ದಾವೆ ಜ್ಯೂರಿಗೆ ಹೋಗುವುದಿಲ್ಲ. ಉದಾಹರಣೆಗೆ, ಬೇರೆಡೆ ನೇಯ್ದ ಸೀರೆಗೆ ಇಳಕಲ್ ಹೆಸರು ಹಚ್ಚಿ ಮಾರಿದರೆಂದು ನೇಕಾರರು ದಾವೆ ಹೂಡಿದರೆಂದುಕೊಳ್ಳಿ. ಭಾರತದಲ್ಲಿ ಭೌಗೋಳಿಕ ಸೂಚ್ಯಂಕಗಳ 1999ರ ಕಾಯ್ದೆಯಂತೆ ಅಂಥ ದಾವೆ ಜಿಲ್ಲಾ ನ್ಯಾಯಾಲಯಕ್ಕೇ ಬರಬೇಕು. ಸೆರಗನ್ನು ಕೊಂಡಿ ಹಾಕಿ ಕೂಡಿಸಿದೆಯೇ, ಸೀರೆ ಎಲ್ಲಿಯ ಮಗ್ಗದ್ದು ಎಂಬುದನ್ನು ಸಾಕ್ಷ್ಯದಿಂದ ತಿಳಿದು ಮಾರಾಟಕ್ಕೆ ತಡೆ, ನಷ್ಟಕ್ಕೆ ಪರಿಹಾರ ಎರಡನ್ನೂ ಇಲ್ಲಿ ನ್ಯಾಯಾಧೀಶರೇ ಕೊಡುತ್ತಾರೆ. ಇಂಥದೇ ದಾವೆ ಅಮೆರಿಕದಲ್ಲಾದರೆ ಪರಿಹಾರದ ಮೊತ್ತ ಜ್ಯೂರಿಯ ಪಾಲಿಗೆ ಬರಬಹುದು, ತಡೆಯಾಜ್ಞೆ ಮಾತ್ರ ನ್ಯಾಯಾಧೀಶರದು. ಸಿವಿಲ್ ಜ್ಯೂರಿಯ ತವರಾದ ಇಂಗ್ಲೆಂಡಿನಲ್ಲಿ ಅದು ಈಗ ತೀರ ಅಪರೂಪ.

ಬಾಗಲಕೋಟೆ ಜಿಲ್ಲೆಯಲ್ಲಿ ಸಂಗತಿಯ ನಿರ್ಣಯ ಸಾವಿರಾರು ಮನೆಗಳ ಬದುಕನ್ನೇ ಮುಟ್ಟಿದ್ದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಜಮೀನುಗಳ ಪರಿಹಾರದಲ್ಲಿ. 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ, ಅಧಿಕಾರಿ ಗೊತ್ತುಮಾಡಿದ ಬೆಲೆ ಒಪ್ಪದ ರೈತ ನ್ಯಾಯಾಲಯದ ನಿರ್ಣಯ ಕೇಳಬಹುದಿತ್ತು. ಎಕರೆಗೆ ಮಾರುಕಟ್ಟೆ ಬೆಲೆ ಎಷ್ಟು ಎಂಬುದು ಶುದ್ಧ ಸಂಗತಿಯ ಪ್ರಶ್ನೆ. ಅಕ್ಕಪಕ್ಕದ ಹೊಲಗಳ ಖರೀದಿ ಪತ್ರಗಳು ಒಂದು ಆಧಾರ. ಅವು ಸಿಗದಿದ್ದರೆ ಬೆಳೆಯ ಲೆಕ್ಕ: ವರ್ಷದ ಉತ್ಪನ್ನದಲ್ಲಿ ಖರ್ಚು ಕಳೆದು, ಉಳಿದ ನಿವ್ವಳ ಆದಾಯವನ್ನು ಸಾಮಾನ್ಯವಾಗಿ 10ರಿಂದ ಗುಣಿಸುವುದು. ಅದರ ಮೇಲೆ ಶೇ. 30ರಷ್ಟು ಸಾಂತ್ವನ ಧನ, ಬಡ್ಡಿ. ನೀರಾವರಿ ಹೊಲವೋ ಒಣ ಬೇಸಾಯವೋ ಎಂಬ ಒಂದು ನಿರ್ಣಯದಿಂದಲೇ ಪರಿಹಾರ ಎಷ್ಟೋ ಪಟ್ಟು ಬದಲಾಗುತ್ತಿತ್ತು. ಅಧಿಕಾರಿ ಕೊಟ್ಟದ್ದಕ್ಕಿಂತ ಕಡಿಮೆ ಮಾಡುವ ಅಧಿಕಾರ ನ್ಯಾಯಾಲಯಕ್ಕೆ ಇರಲಿಲ್ಲ. ಹೊಲದ ಜೊತೆ ಊರನ್ನೂ ಕಳೆದುಕೊಂಡವರಿಗೆ ಅದು ಸಣ್ಣ ರಕ್ಷಣೆಯಲ್ಲ.

ಕಾನೂನು ಓದದವರು ಕೂತು ಸಂಗತಿ ತೀರ್ಮಾನಿಸುವ ಪರಿಪಾಠ ಈ ಸೀಮೆಗೆ ಹೊಸದೂ ಅಲ್ಲ. 1818ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಮನ್ರೋ ಬಾದಾಮಿ ಕೋಟೆ ಗೆಲ್ಲುವ ತನಕ ಇಲ್ಲಿದ್ದದ್ದು ಪೇಶ್ವೆಗಳ ಆಡಳಿತ. ಆ ಆಡಳಿತದಲ್ಲಿ ಸಿವಿಲ್ ನ್ಯಾಯದ ಮುಖ್ಯ ಸಾಧನ ಪಂಚಾಯಿತಿ ಎಂದು ಬ್ರಿಟಿಷ್ ಆಡಳಿತಗಾರ ಎಲ್ಫಿನ್‌ಸ್ಟನ್ 1819ರ ತನ್ನ ವರದಿಯಲ್ಲಿ ದಾಖಲಿಸಿದ್ದಾನೆ. ವತನಿನ ಜಗಳಗಳು ಪಂಚರ ಮುಂದೆ ಬರುತ್ತಿದ್ದವು. ಆದರೆ ಪಂಚರು ಕಕ್ಷಿಗಾರರನ್ನು ಬಲ್ಲವರು, ಜ್ಯೂರಿಯಲ್ಲಿ ಕೂರುವವರು ಅವರನ್ನು ಬಲ್ಲವರಾಗಿರಬಾರದು. ಇವೆರಡನ್ನೂ ಒಂದೇ ಎನ್ನುವುದು ಸರಿಯಲ್ಲ.

ಪಂಚಾಯಿತಿಗೆ ಹೆಚ್ಚು ಹತ್ತಿರದ್ದು ಭೂ ನ್ಯಾಯ ಮಂಡಳಿ. 1974ರ ತಿದ್ದುಪಡಿಯ ನಂತರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು ಕೂರುತ್ತಿದ್ದರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕಿತ್ತು. ದಾವೆಯಲ್ಲಿ ಗೇಣಿದಾರ ಯಾರು ಎಂಬ ಪ್ರಶ್ನೆ ಎದ್ದರೆ ಸಿವಿಲ್ ನ್ಯಾಯಾಧೀಶರು ಅದನ್ನು ಮಂಡಳಿಗೆ ಕಳಿಸಬೇಕಿತ್ತು.

ಜ್ಯೂರಿ ಇಲ್ಲದ ಪದ್ಧತಿಯಲ್ಲಿ ಕಕ್ಷಿಗಾರನಿಗೆ ಸಿಗುವ ದೊಡ್ಡ ಲಾಭ ಬರವಣಿಗೆಯಲ್ಲಿರುವ ಕಾರಣಗಳು. ಜ್ಯೂರಿ ತನ್ನ ತೀರ್ಮಾನಕ್ಕೆ ಕಾರಣ ಹೇಳಬೇಕಾಗಿಲ್ಲ. ನಮ್ಮ ನ್ಯಾಯಾಧೀಶರು ಪ್ರತಿ ವಿವಾದಾಂಶಕ್ಕೂ ನಿರ್ಣಯವನ್ನು ಕಾರಣ ಸಮೇತ ಬರೆಯಬೇಕು. ಆ ಕಾರಣಗಳನ್ನೇ ಹಿಡಿದು ಸೋತವನು ಮೊದಲ ಮೇಲ್ಮನವಿ ಸಲ್ಲಿಸುತ್ತಾನೆ, ಅಲ್ಲಿ ಸಾಕ್ಷ್ಯವನ್ನು ಮತ್ತೊಮ್ಮೆ ತೂಗಿ ನೋಡಲಾಗುತ್ತದೆ. ಎರಡನೇ ಮೇಲ್ಮನವಿ ಈ ಜಿಲ್ಲೆಯವರಿಗೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ. ಅದಕ್ಕೆ ಕಾನೂನಿನ ಮಹತ್ವದ ಪ್ರಶ್ನೆಯೊಂದು ಇರಲೇಬೇಕು.